ಹೊಳೆಮತ್ತಿಗೆ ಕಟ್ಟಿದ ಮೀಥೇನ್ ಡಬ್ಬಿ

ಮರವೂ ನೆಲವೂ ಎಷ್ಟು ಮೀಥೇನ್ ಅನಿಲ ಬಿಡುತ್ತವೆ ಅಥವಾ ಹೀರುತ್ತವೆ ಎಂದು ಅಳೆಯಲು ಸೆನ್ಸರ್ ಜೋಡಿಸುವುದು ಒಂದು ಸಂಜೆಯ ಕೆಲಸ. ಅದರ ಸುತ್ತ ಗಾಳಿ ಸೋರದ, ಬಿಸಿಲಿಗೆ ಹೆದರದ, ತೇವಕ್ಕೆ ಮೋಸಹೋಗದ ಒಂದು ಡಬ್ಬಿ ಕಟ್ಟುವುದೇ ನಿಜವಾದ ಕೆಲಸ. ಒಳಗೆ ಏನೂ ಆಗದಿರುವಾಗ ‘ಏನೂ ಆಗಲಿಲ್ಲ’ ಎಂದು ಪ್ರಾಮಾಣಿಕವಾಗಿ ಹೇಳುವ ಡಬ್ಬಿ ಸಿಕ್ಕಿದ ಮೇಲೆ ಮಾತ್ರ ಮರದ ಮೀಥೇನ್ ಬಗ್ಗೆ ಮಾತನಾಡಬಹುದು. ಹಾಗಾಗಿ ಈ ಟಿಪ್ಪಣಿಯಲ್ಲಿ ಎಲೆಕ್ಟ್ರಾನಿಕ್ಸ್ ಕಡಿಮೆ. ರಬ್ಬರ್, ಫೋಮ್, ಕಲ್ಲುಪ್ಪು ಹೆಚ್ಚು.

ಜಾಗ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕಾವೇರಿಗೆ ತಾಗಿಕೊಂಡಿರುವ ಚಿಕ್ಕಪ್ಪನ ಜಮೀನು. ಹೊಳೆಯ ಅಂಚಿನಲ್ಲಿ ಹೊಳೆಮತ್ತಿ ಮರಗಳು, ಅವುಗಳ ಹಿಂದೆ ನಾಲೆ ನೀರಿನ ಭತ್ತದ ಗದ್ದೆ, ಇನ್ನೂ ಮೇಲೆ ದಿಣ್ಣೆಯಲ್ಲಿ ಹೊಂಗೆ ಮತ್ತು ಬೇವಿನ ಹಳೆಯ ತೋಪು. ರಂಗನತಿಟ್ಟು ಹತ್ತಿರವೇ ಇದೆ, ಮೇಲುಕೋಟೆಯ ಕಾಡೂ ದೂರವಲ್ಲ. ಆದರೆ ಎರಡೂ ರಕ್ಷಿತ ಪ್ರದೇಶಗಳು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಮರಕ್ಕೆ ಬೆಲ್ಟ್ ಬಿಗಿಯುವಂತಿಲ್ಲ, ನೆಲಕ್ಕೆ ಉಂಗುರ ಹೂಳುವಂತಿಲ್ಲ. ಚಿಕ್ಕಪ್ಪನ ಅನುಮತಿ ಒಂದು ಲೋಟ ಕಾಫಿಯಲ್ಲಿ ಸಿಕ್ಕಿತು.

ಹೊಳೆಮತ್ತಿಯನ್ನೇ ಏಕೆ ಆರಿಸಿಕೊಂಡೆ ಎಂಬುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಗಾಳಿಯಲ್ಲಿ ಈಗ ಮೀಥೇನ್ ಸುಮಾರು 1.9 ಪಿಪಿಎಂ ಇದೆ, ಅಂದರೆ ಹತ್ತು ಲಕ್ಷ ಭಾಗಕ್ಕೆ ಎರಡಕ್ಕಿಂತ ತುಸು ಕಡಿಮೆ. ಕೈಗಾರಿಕೆಗಳ ಕಾಲಕ್ಕೆ ಮೊದಲು ಇದ್ದದ್ದು 0.7ರ ಆಸುಪಾಸು. ಪ್ರಮಾಣ ಇಷ್ಟು ಸಣ್ಣದಾದರೂ, ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಶಾಖ ಹಿಡಿದಿಡುತ್ತದೆ. ಕಾಡು ಈ ವ್ಯವಹಾರದಲ್ಲಿ ಕೊಡುವುದೂ ಉಂಟು, ಪಡೆಯುವುದೂ ಉಂಟು. ಗಾಳಿಯಾಡುವ ಒಣ ನೆಲದಲ್ಲಿರುವ ಬ್ಯಾಕ್ಟೀರಿಯಾಗಳು ಮೀಥೇನನ್ನು ತಿಂದು ಬದುಕುತ್ತವೆ. ಜಗತ್ತಿನ ಮಣ್ಣೆಲ್ಲ ಸೇರಿ ವರ್ಷಕ್ಕೆ ಸುಮಾರು ಮೂರು ಕೋಟಿ ಟನ್ ಹೀಗೆ ಖಾಲಿ ಮಾಡುತ್ತದೆ ಎಂಬುದು ಒಪ್ಪಿತ ಅಂದಾಜು. ನೀರು ನಿಂತ ನೆಲದಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಆಮ್ಲಜನಕ ಸಿಗದ ಕೆಸರಿನಲ್ಲಿ ಬೇರೆ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಿಸುತ್ತವೆ. ಭತ್ತದ ಗದ್ದೆಯಲ್ಲಿ ಅದರ ಬಹುಪಾಲು ಪೈರಿನೊಳಗಿನ ಗಾಳಿನಾಳಗಳ ಮೂಲಕವೇ ಹೊರಬರುತ್ತದೆ.

ಕಾಲು ನೀರಿನಲ್ಲಿಟ್ಟುಕೊಂಡ ಮರಗಳೂ ಇದೇ ಕೆಲಸ ಮಾಡುತ್ತವೆ. ಅಮೆಜಾನಿನ ಪ್ರವಾಹ ಬಯಲಿನ ಮರಗಳ ಕಾಂಡಕ್ಕೆ ಡಬ್ಬಿ ಕಟ್ಟಿ ಅಳೆದ ಸುನಿತಾ ಪಂಗಲ ಮತ್ತು ಸಂಗಡಿಗರು, ಆ ಪ್ರದೇಶದ ಮೀಥೇನ್‌ನಲ್ಲಿ ಸುಮಾರು ಅರ್ಧ ಮರಗಳ ಮೂಲಕವೇ ಹೊರಬೀಳುತ್ತದೆ ಎಂದು 2017ರಲ್ಲಿ ತೋರಿಸಿದರು. ಅದೇ ತಂಡದಲ್ಲಿದ್ದ ವಿನ್ಸೆಂಟ್ ಗಾಚಿ ಮತ್ತು ಸಂಗಡಿಗರು 2024ರಲ್ಲಿ ಇನ್ನೊಂದು ಮಗ್ಗುಲನ್ನು ಮುಂದಿಟ್ಟರು. ನೀರು ನಿಲ್ಲದ ನೆಲದ ಮರಗಳಲ್ಲಿ ಕಾಂಡದ ಮೇಲಕ್ಕೆ ಹೋದಂತೆ ತೊಗಟೆಯ ಸೂಕ್ಷ್ಮಜೀವಿಗಳು ಗಾಳಿಯ ಮೀಥೇನನ್ನು ಹೀರುತ್ತವೆ. ಜಗತ್ತಿನ ಲೆಕ್ಕದಲ್ಲಿ ಇದು ವರ್ಷಕ್ಕೆ ಎರಡೂವರೆಯಿಂದ ಐದು ಕೋಟಿ ಟನ್ ಇರಬಹುದು ಎಂಬುದು ಅವರ ಅಂದಾಜು. ಅವರು ಅಳೆದದ್ದು ಅಮೆಜಾನ್, ಪನಾಮಾ, ಇಂಗ್ಲೆಂಡ್ ಮತ್ತು ಸ್ವೀಡನ್‌ಗಳಲ್ಲಿ. ಕಾವೇರಿ ದಂಡೆಯ ಹೊಳೆಮತ್ತಿ ಕಾಂಡದ ಕೆಳಭಾಗದಲ್ಲಿ ಮೀಥೇನ್ ಬಿಡುವ ಮರ, ದಿಣ್ಣೆಯ ಹೊಂಗೆ ಹೀರುವ ಮರ ಎಂದು ಊಹಿಸಬಹುದು. ಊಹೆಯನ್ನು ಪರೀಕ್ಷೆಗೆ ಹಚ್ಚಲು ಡಬ್ಬಿ ಬೇಕು.

ಸೆನ್ಸರ್ ಮತ್ತು ಕರೆಂಟು

ಸಂಶೋಧಕರು ಬಳಸುವ ಯಂತ್ರಗಳು ಲೇಸರ್ ಬೆಳಕಿನಲ್ಲಿ ಎಷ್ಟು ಭಾಗವನ್ನು ಮೀಥೇನ್ ನುಂಗಿತು ಎಂದು ನೋಡಿ, ಒಂದು ಪಿಪಿಎಂನ ಸಾವಿರದಲ್ಲೊಂದು ಭಾಗದ ವ್ಯತ್ಯಾಸವನ್ನೂ ಹಿಡಿಯುತ್ತವೆ. ಕಾಡಿನ ಮೇಲೆ ಗೋಪುರ ನಿಲ್ಲಿಸಿ, ಗಾಳಿಯ ಮೇಲು ಕೆಳಗಿನ ಚಲನೆಯನ್ನೂ ಅದರಲ್ಲಿರುವ ಮೀಥೇನನ್ನೂ ಸೆಕೆಂಡಿಗೆ ಹತ್ತು ಸಲ ಅಳೆದು, ಎರಡನ್ನೂ ತಾಳೆ ಹಾಕಿ ಇಡೀ ಕಾಡಿನ ಕೊಡುಕೊಳ್ಳುವಿಕೆಯನ್ನು ಲೆಕ್ಕ ಹಾಕುವ ವಿಧಾನವೂ ಇದೆ. ಬೆಲೆ ಹಲವು ಲಕ್ಷ. ಆ ಮಾತು ಅಲ್ಲಿಗೆ ಬಿಡೋಣ.

ನಾನು ತೆಗೆದುಕೊಂಡದ್ದು ಫಿಗಾರೋ ಕಂಪನಿಯ ಟಿಜಿಎಸ್ 2611-ಇ00. ಇದು ಅನಿಲ ಸೋರಿಕೆಯ ಎಚ್ಚರಿಕೆ ಗಂಟೆಗಳಿಗೆಂದು ಮಾಡಿದ ಬಿಡಿಭಾಗ. ಮಾಹಿತಿ ಹಾಳೆಯಲ್ಲಿರುವ ಅಳತೆಯ ವ್ಯಾಪ್ತಿ 500ರಿಂದ 10,000 ಪಿಪಿಎಂ. ನಮಗೆ ಬೇಕಾದದ್ದು ಎರಡು ಪಿಪಿಎಂ ಸುತ್ತಮುತ್ತ. ಈ ಅಂತರ ನೋಡಿ ಕೈಬಿಡುವುದೇ ಸಹಜ. ಆದರೆ ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಡೇವಿಡ್ ಬಾಸ್ಟ್‌ವಿಕೆನ್ ಮತ್ತು ಸಂಗಡಿಗರು ಇದೇ ಜಾತಿಯ ಅಗ್ಗದ ಸೆನ್ಸರನ್ನು ತೇವ ಮತ್ತು ಉಷ್ಣಾಂಶದ ತಿದ್ದುಪಡಿಯೊಂದಿಗೆ ಗಾಳಿಯ ಮಟ್ಟದವರೆಗೂ ಬಳಸಬಹುದು ಎಂದು 2020ರಲ್ಲಿ ವಿವರವಾಗಿ ಪ್ರಕಟಿಸಿದ್ದಾರೆ. ಹೆಸರಿನ ಕೊನೆಯ ‘ಇ00’ ಮುಖ್ಯ: ಅದರ ಮುಚ್ಚಳದೊಳಗೆ ಮದ್ಯಸಾರದಂಥ ಇತರ ಆವಿಗಳನ್ನು ತಡೆಯುವ ಶೋಧಕ ಇದೆ, ‘ಸಿ00’ ಮಾದರಿಯಲ್ಲಿ ಇಲ್ಲ. ಎಲ್ಲೆಡೆ ಸಿಗುವ ಎಂಕ್ಯೂ-4 ಎಂಬ ಇನ್ನೊಂದು ಮೀಥೇನ್ ಸೆನ್ಸರಿನ ಹಲಗೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ಟಿಜಿಎಸ್‌ನೊಳಗಿನ ಹೀಟರ್‌ಗೆ 56 ಮಿಲಿಆಂಪಿಯರ್ ಸಾಕು, ಎಂಕ್ಯೂ-4ರದಕ್ಕೆ ಸುಮಾರು 150 ಬೇಕು. ಪುಟ್ಟ ಡಬ್ಬಿಯೊಳಗೆ ಅಷ್ಟು ಬಿಸಿ ಒಳ್ಳೆಯದಲ್ಲ.

ಒಳಗೆ ನಡೆಯುವುದು ಇಷ್ಟು. ಬಿಸಿಯಾದ ತವರದ ಆಕ್ಸೈಡ್‌ನ ಮೈಗೆ ಗಾಳಿಯ ಆಮ್ಲಜನಕ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಕಟ್ಟಿಹಾಕುತ್ತದೆ. ಆಗ ರೋಧ ಹೆಚ್ಚು. ಮೀಥೇನ್ ಬಂದು ಆ ಆಮ್ಲಜನಕದೊಂದಿಗೆ ಸೇರಿ ಉರಿದುಹೋದರೆ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ರೋಧ ಇಳಿಯುತ್ತದೆ. ತೊಂದರೆ ಏನೆಂದರೆ ನೀರಾವಿ ಬಂದಾಗಲೂ ರೋಧ ಇಳಿಯುತ್ತದೆ. ತೇವದ ನೆಲದ ಮೇಲೆ ಡಬ್ಬಿ ಮುಚ್ಚಿದ ಕೂಡಲೇ ಒಳಗಿನ ಆರ್ದ್ರತೆ ಏರುತ್ತದೆ, ಸೆನ್ಸರ್ ಅದನ್ನು ಮೀಥೇನ್ ಎಂದೇ ವರದಿ ಮಾಡುತ್ತದೆ. ಬರೇ ಸೆನ್ಸರ್ ತೋರಿಸಿದ ಏರುಗೆರೆಯನ್ನು ಹಂಚಿಕೊಂಡು ‘ನಮ್ಮ ತೋಟದ ಮರ ಮೀಥೇನ್ ಬಿಡುತ್ತಿದೆ’ ಎನ್ನುವವರಿಗೆ ನನ್ನ ಮೊದಲ ಪ್ರಶ್ನೆ ಪಕ್ಕದ ಆರ್ದ್ರತೆಯ ಗೆರೆ ಎಲ್ಲಿ ಎಂಬುದು.

ಜೋಡಣೆ ಸರಳ. ಸೆನ್ಸರ್‌ಗೆ ಸರಣಿಯಲ್ಲಿ ಒಂದು ಲೋಹಪೊರೆಯ ರೋಧಕ, ಮಧ್ಯದ ಬಿಂದುವಿನ ವೋಲ್ಟೇಜನ್ನು ಓದಲು 16 ಬಿಟ್‌ನ ಎಡಿಎಸ್ 1115, ಉಷ್ಣಾಂಶ ಮತ್ತು ಆರ್ದ್ರತೆಗೆ ಎಸ್‌ಎಚ್‌ಟಿ 31, ಸಮಯಕ್ಕೆ ಡಿಎಸ್ 3231, ಬರೆದಿಡಲು ಮೆಮೊರಿ ಕಾರ್ಡ್, ಇವೆಲ್ಲವನ್ನೂ ನಡೆಸಲು ಆರ್ಡುಯಿನೋ ನ್ಯಾನೋ. ಸರಣಿಯ ರೋಧಕದ ಬೆಲೆಯನ್ನು ಯಾರದೋ ಚಿತ್ರ ನೋಡಿ ಹಾಕಬೇಡಿ. ಹೊರಗಿನ ಶುದ್ಧ ಗಾಳಿಯಲ್ಲಿ ನಿಮ್ಮ ಸೆನ್ಸರ್‌ನ ರೋಧ ಎಷ್ಟಿದೆ ಎಂದು ನೋಡಿ, ಅದಕ್ಕೆ ಹತ್ತಿರದ್ದನ್ನೇ ಹಾಕಿದರೆ ಸಣ್ಣ ಬದಲಾವಣೆಗೂ ವೋಲ್ಟೇಜ್ ಅತಿ ಹೆಚ್ಚು ಅಲುಗುತ್ತದೆ.

ಹೀಟರ್‌ನ ಐದು ವೋಲ್ಟ್ ಅಲುಗಬಾರದು. ಮೊಬೈಲ್ ಪವರ್ ಬ್ಯಾಂಕಿನಿಂದ ಬರುವ ಐದು ವೋಲ್ಟ್ ಭಾರ ಬದಲಾದಂತೆ ಕುಣಿಯುತ್ತದೆ; ಡಬ್ಬಿಯ ಗಾಳಿಯನ್ನು ಸೆನ್ಸರಿಗೆ ತರುವ ಪಂಪು ತಿರುಗಿದ ಕ್ಷಣ ಮೀಥೇನ್ ಏರಿದಂತೆ ಕಾಣುತ್ತದೆ. ಎರಡು 18650 ಬ್ಯಾಟರಿಗಳನ್ನು ಸರಣಿಯಲ್ಲಿ ಹಾಕಿ, ಎಲ್‌ಎಂ 2940 ರೆಗ್ಯುಲೇಟರ್ ಮೂಲಕ ಇಳಿಸಿಕೊಂಡೆ. ಮಾಮೂಲಿ 7805 ಇಲ್ಲಿ ನಡೆಯದು, ಬ್ಯಾಟರಿ ಏಳು ವೋಲ್ಟಿಗೆ ಇಳಿದಾಗಲೇ ಅದು ಕೈಚೆಲ್ಲುತ್ತದೆ. ಎಲ್‌ಎಂ 2940ರ ಹೊರಗಾಲಿಗೆ 22 ಮೈಕ್ರೋಫ್ಯಾರಡ್‌ಗೆ ಕಡಿಮೆಯಿಲ್ಲದ ಕೆಪಾಸಿಟರ್ ಹಾಕದಿದ್ದರೆ ಅದು ತಾನೇ ಕಂಪಿಸಲು ತೊಡಗುತ್ತದೆ. ಪಂಪಿಗೆ ಬೇರೆಯೇ ಬ್ಯಾಟರಿ.

ಕಾರ್ಡಿನಲ್ಲಿ ಪಿಪಿಎಂ ಬರೆದಿಡಬೇಡಿ, ಮೂಲ ವೋಲ್ಟೇಜನ್ನೇ ಬರೆದಿಡಿ. ಪಿಪಿಎಂ ಎನ್ನುವುದು ನಮ್ಮ ಲೆಕ್ಕ, ನಾಳೆ ತಿದ್ದಬೇಕಾಗುತ್ತದೆ. ವೋಲ್ಟೇಜ್ ಎನ್ನುವುದು ಅಂದು ನಡೆದದ್ದು. ಹೊಸ ಸೆನ್ಸರನ್ನು ಒಂದು ವಾರ ಸತತವಾಗಿ ಉರಿಸಿಯೇ ಕೆಲಸಕ್ಕೆ ಹಚ್ಚಬೇಕು; ಅಲ್ಲಿಯವರೆಗೆ ಅದರ ಮಾತಿಗೆ ಬೆಲೆಯಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಸೀಲ್ ಮಾಡಲು ಎಲ್ಲರ ಕೈ ಮೊದಲು ಹೋಗುವುದು ಸಿಲಿಕೋನ್ ಟ್ಯೂಬಿಗೆ. ಸಿಲಿಕೋನ್ ಆವಿ ತವರದ ಆಕ್ಸೈಡ್‌ನ ಮೈಯನ್ನು ಶಾಶ್ವತವಾಗಿ ಮುಚ್ಚಿಬಿಡುತ್ತದೆ. ಅಂಟು, ಕೊಳವೆ, ಜಾರುಗ್ರೀಸ್ ಯಾವುದರಲ್ಲೂ ಸಿಲಿಕೋನ್ ಇರಬಾರದು. ಕಾರಿನ ಗಾಜು ಕೂರಿಸುವವರ ಬಳಿ ಸಿಗುವ ಕಪ್ಪು ಬ್ಯುಟೈಲ್ ಟೇಪು ಅಂಟಿಕೊಳ್ಳುತ್ತದೆ, ಒಣಗುವುದಿಲ್ಲ, ಸೆನ್ಸರ್‌ಗೂ ಕೇಡಿಲ್ಲ.

ಡಬ್ಬಿ

ನೆಲಕ್ಕೊಂದು, ಮರಕ್ಕೊಂದು, ಹೀಗೆ ಎರಡು ಡಬ್ಬಿ. ನೆಲದ್ದು ಸುಲಭ: 20 ಲೀಟರಿನ ಬಿಳಿ ಬಕೆಟ್ ಬೋರಲು. ಅದೇ ಅಳತೆಯ ಇನ್ನೊಂದು ಬಕೆಟ್ಟಿನ ಬಾಯಿಯ ಭಾಗವನ್ನು ಕತ್ತರಿಸಿದರೆ ನೆಲದಲ್ಲಿ ಹೂಳುವ ಉಂಗುರ ಆಯಿತು. ಪೇಂಟು ತುಂಬಿದ್ದ ಬಕೆಟ್ ಬೇಡ, ತೊಳೆದರೂ ವಾಸನೆ ಬಿಡುತ್ತಲೇ ಇರುತ್ತದೆ; ಹೊಸದನ್ನೇ ಮೈಸೂರಿನ ಸಂತೇಪೇಟೆಯಿಂದ ತಂದೆ. ಉಂಗುರಕ್ಕೂ ಬಕೆಟ್ಟಿಗೂ ನಡುವಿನ ಸಂದಿಗೆ ಪಂಕ್ಚರ್ ಅಂಗಡಿಯಲ್ಲಿ ಬಿದ್ದಿದ್ದ ಲಾರಿ ಟ್ಯೂಬಿನ ಪಟ್ಟಿ. ಟ್ಯೂಬಿನ ಬ್ಯುಟೈಲ್ ರಬ್ಬರ್ ಗಾಳಿಯನ್ನು ಹಿಡಿದಿಡಲೆಂದೇ ಹುಟ್ಟಿದ್ದು. ಬಕೆಟ್ಟಿನ ತಳಕ್ಕೆ ಸಪೂರ ಕೊಳವೆಯೊಂದನ್ನು ಸುರುಳಿ ಸುತ್ತಿ ತೆರೆದ ಬಾಯಿಯಾಗಿ ಬಿಡಬೇಕು, ಇಲ್ಲವಾದರೆ ಮುಚ್ಚುವಾಗಿನ ಒತ್ತಡವೇ ಮಣ್ಣಿನ ಗಾಳಿಯನ್ನು ಅತ್ತಿತ್ತ ತಳ್ಳುತ್ತದೆ. ಉಂಗುರವನ್ನು ಅಳತೆಯ ದಿನ ಹೂಳಬಾರದು. ಬೇರು ಕತ್ತರಿಸಿದ ಗಾಯ ಆರಲು ಸಮಯ ಬೇಕು.

ಮರದ ಡಬ್ಬಿಗೆ ಹೆಚ್ಚು ಕೈಚಳಕ ಬೇಕು. ಬಾಗುವ ಪಾರದರ್ಶಕ ಪಿಇಟಿ ಪ್ಲಾಸ್ಟಿಕ್ ಹಾಳೆ, 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ. ನಾಲ್ಕೂ ಅಂಚಿಗೆ ಎರಡು ಸೆಂಟಿಮೀಟರ್ ದಪ್ಪದ ಫೋಮ್ ಚೌಕಟ್ಟು. ಅದನ್ನು ಕಾಂಡಕ್ಕೆ ಒತ್ತಿ, ಲಾರಿ ಸಾಮಾನು ಬಿಗಿಯುವ ರ‍್ಯಾಚೆಟ್ ಬೆಲ್ಟನ್ನು ಮೇಲೊಂದು ಕೆಳಗೊಂದು ಸುತ್ತಿ ಬಿಗಿದರೆ ತೊಗಟೆಗೂ ಹಾಳೆಗೂ ನಡುವೆ ತೆಳುವಾದ ಗಾಳಿಯ ಪದರ ಉಳಿಯುತ್ತದೆ. ಯೋಗಕ್ಕೆ ಹೆಸರಾದ ಮೈಸೂರಿನಲ್ಲಿ ಫೋಮಿಗೆ ಬರವಿಲ್ಲ, ಯೋಗದ ಚಾಪೆಯನ್ನೇ ಕತ್ತರಿಸಿ ಅಗತ್ಯದ ದಪ್ಪಕ್ಕೆ ಪದರ ಪದರವಾಗಿ ಜೋಡಿಸಿದೆ. ಆದರೆ ಎಲ್ಲ ಚಾಪೆಯೂ ಆಗದು. ತುಂಡೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ ನೋಡಿ. ನೀರು ಕುಡಿದಿದ್ದರೆ ಗಾಳಿಯನ್ನೂ ಬಿಡುತ್ತದೆ. ಹೊಸ ಫೋಮಿನ ವಾಸನೆ ಹೋಗುವವರೆಗೆ ಮಾಳಿಗೆಯ ಬಿಸಿಲಿನಲ್ಲಿ ಒಣಹಾಕಬೇಕು.

ಬೆಲ್ಟು ಬಿಗಿಯುತ್ತಿದ್ದಾಗ ಚಿಕ್ಕಪ್ಪ ಬಂದು ನಿಂತರು.

“ಏನಪ್ಪಾ, ಮರಕ್ಕೂ ಬಿ.ಪಿ. ನೋಡುತ್ತಿದ್ದೀಯಾ?”

“ಹೆಚ್ಚೂ ಕಡಿಮೆ ಹಾಗೆಯೇ ಚಿಕ್ಕಪ್ಪ. ಪಂಪು ಕೂಡ ಆ ಯಂತ್ರಕ್ಕೆ ಹಾಕುವ ಜಾತಿಯದೇ.”

ಅದು ನಿಜವೂ ಹೌದು. ಡಬ್ಬಿಯ ಗಾಳಿಯನ್ನು ಎಳೆದು, ಪಕ್ಕದ ಸೆನ್ಸರ್ ಪೆಟ್ಟಿಗೆಯ ಮೂಲಕ ಹಾಯಿಸಿ, ಮತ್ತೆ ಡಬ್ಬಿಗೇ ಬಿಡುವ ಸಣ್ಣ ಪಂಪು ಬೇಕು. ರಕ್ತದೊತ್ತಡ ನೋಡುವ ಯಂತ್ರದ ಮಾಮೂಲಿ ಪಂಪಿನಲ್ಲಿ ಒಂದೇ ಮೂತಿ ಇರುತ್ತದೆ. ಅದು ಗಾಳಿಯನ್ನು ತನ್ನ ಮೈಯ ತೂತುಗಳಿಂದ ಎಳೆದುಕೊಳ್ಳುತ್ತದೆ. ಅದನ್ನು ಹಾಕಿದರೆ ಡಬ್ಬಿಯ ಗಾಳಿಯ ಬದಲು ಹೊಲದ ಗಾಳಿಯನ್ನು ಅಳೆಯುತ್ತೀರಿ. ಒಳಕ್ಕೊಂದು ಹೊರಕ್ಕೊಂದು ಎಂದು ಎರಡು ಮೂತಿಯದನ್ನು ಕೇಳಿ ತೆಗೆದುಕೊಳ್ಳಿ.

ಈ ತೆಳು ಡಬ್ಬಿಯ ಲಾಭವನ್ನು ಲೆಕ್ಕದಲ್ಲಿ ನೋಡಬೇಕು. ಮೀಥೇನ್ ಹರಿವನ್ನು ಕಂಡುಹಿಡಿಯಲು, ಗಂಟೆಗೆ ಎಷ್ಟು ಪಿಪಿಎಂ ಬದಲಾಯಿತು ಎಂಬುದನ್ನು ಡಬ್ಬಿಯ ಘನಗಾತ್ರದಿಂದ ಗುಣಿಸಿ, ಅದು ಮುಚ್ಚಿದ ಮೇಲ್ಮೈಯ ವಿಸ್ತೀರ್ಣದಿಂದ ಭಾಗಿಸಿ, ಒತ್ತಡ ಮತ್ತು ಉಷ್ಣಾಂಶ ಹಿಡಿದು ತೂಕಕ್ಕೆ ತಿರುಗಿಸುತ್ತೇವೆ. ಸಮುದ್ರಮಟ್ಟದಲ್ಲಿ, 25 ಡಿಗ್ರಿಯಲ್ಲಿ, ಒಂದು ಘನ ಮೀಟರ್ ಗಾಳಿಯ ಒಂದು ಪಿಪಿಎಂ ಮೀಥೇನ್ 0.66 ಮಿಲಿಗ್ರಾಂ ತೂಗುತ್ತದೆ. ಶ್ರೀರಂಗಪಟ್ಟಣದ ಎತ್ತರದಲ್ಲಿ ಗಾಳಿ ತುಸು ತೆಳು, ಆದ್ದರಿಂದ 0.6 ಎಂದು ಹಿಡಿಯಬಹುದು. ಈಗ ಚದರ ಮೀಟರಿಗೆ ಗಂಟೆಗೆ 50 ಮೈಕ್ರೋಗ್ರಾಂ ಹರಿವು ಇದೆ ಎಂದುಕೊಳ್ಳಿ. ಬಕೆಟ್ ಡಬ್ಬಿಯಲ್ಲಿ ಗಾಳಿ 16 ಲೀಟರ್, ಮುಚ್ಚಿದ ನೆಲ ಚದರ ಮೀಟರಿನ ಹದಿನಾರರಲ್ಲೊಂದು ಪಾಲು. ಅರ್ಧ ಗಂಟೆಗೆ ಬದಲಾಗುವುದು ಬರೀ 0.16 ಪಿಪಿಎಂ. ಮರದ ಡಬ್ಬಿಯಲ್ಲಿ ಕೊಳವೆ, ಪೆಟ್ಟಿಗೆ ಎಲ್ಲ ಸೇರಿ ಗಾಳಿ ನಾಲ್ಕು ಲೀಟರ್, ಮುಚ್ಚಿದ ತೊಗಟೆ 0.18 ಚದರ ಮೀಟರ್. ಅದೇ ಹರಿವಿಗೆ ಅದೇ ಅರ್ಧ ಗಂಟೆಯಲ್ಲಿ ಎರಡು ಪಿಪಿಎಂ ಹತ್ತಿರ ಬದಲಾಗುತ್ತದೆ. ಸೆನ್ಸರ್‌ಗೆ ಹೆಚ್ಚು ಹಣ ಸುರಿಯುವ ಮೊದಲು ಡಬ್ಬಿಯನ್ನು ತೆಳುವಾಗಿಸಿ.

ತೇವಕ್ಕೆ ನಾನು ಹೂಡಿದ ಉಪಾಯ ಕಲ್ಲುಪ್ಪು. ನೀರಿನಲ್ಲಿ ಕರಗದೆ ಉಳಿಯುವಷ್ಟು ಅಡುಗೆ ಉಪ್ಪು ಹಾಕಿದ ಕೆಸರಿನಂಥ ದ್ರಾವಣದ ಮೇಲಿನ ಗಾಳಿ 75 ಶೇಕಡಾ ಆರ್ದ್ರತೆಗೆ ಬಂದು ನಿಲ್ಲುತ್ತದೆ, ಉಷ್ಣಾಂಶ ಸ್ವಲ್ಪ ಬದಲಾದರೂ ಅಲ್ಲಿಂದ ಹೆಚ್ಚು ಕದಲುವುದಿಲ್ಲ. ಸೆನ್ಸರ್ ಪೆಟ್ಟಿಗೆಗೆ ಮುನ್ನ ಗಾಳಿಯನ್ನು ಅಂಥದ್ದೊಂದು ಚಪ್ಪಟೆ ಡಬ್ಬದ ಮೂಲಕ ಹಾಯಿಸಿದೆ. ಪೂರ್ತಿ ನಿಲ್ಲಿಸಲಾಗದಿದ್ದರೂ ಏರಿಳಿತ ಸಾಕಷ್ಟು ಕುಗ್ಗಿತು, ಉಳಿದದ್ದನ್ನು ಲೆಕ್ಕದಲ್ಲಿ ತಿದ್ದಬಹುದು. ಸಿಲಿಕಾ ಜೆಲ್ ಹಾಕಿ ಪೂರಾ ಒಣಗಿಸಿದರೆ ಮೊದಲ ಹತ್ತಾರು ನಿಮಿಷ ಸೆನ್ಸರ್ ಒಣಗುವುದನ್ನೇ ಅಳೆಯುತ್ತದೆ. ನನಗೆ ಅದು ಒಗ್ಗಲಿಲ್ಲ.

ಖಾಲಿ ಡಬ್ಬಿಯ ಪರೀಕ್ಷೆ

ಸೆನ್ಸರ್‌ಗೆ ಪಾಠ ಹೇಳಲು ಗೊತ್ತಿರುವ ಪ್ರಮಾಣದ ಮೀಥೇನ್ ಬೇಕು. ಮನೆಯ ಸಿಲಿಂಡರಿನಿಂದಲೇ ಹಿಡಿದುಕೊಳ್ಳಬಾರದೇ ಎಂದು ಚಿಕ್ಕಪ್ಪ ಕೇಳಿದರು. ಅದರಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್. ಗೋಬರ್ ಗ್ಯಾಸ್‌ನಲ್ಲಿ ಮೀಥೇನ್ ಅರ್ಧಕ್ಕಿಂತ ಹೆಚ್ಚೇ ಇದೆ, ಆದರೆ ಜೊತೆಗಿರುವ ಹೈಡ್ರೋಜನ್ ಸಲ್ಫೈಡ್ ಸೆನ್ಸರನ್ನು ಹಾಳು ಮಾಡುತ್ತದೆ, ಪ್ರಮಾಣವೂ ದಿನದಿನಕ್ಕೆ ಬೇರೆ. ಕಾರ್ಖಾನೆಗಳಲ್ಲಿ ಸೋರಿಕೆ ಗಂಟೆಗಳನ್ನು ಪರೀಕ್ಷಿಸಲು 2.5 ಶೇಕಡಾ ಮೀಥೇನ್ ಬೆರೆಸಿದ ಗಾಳಿಯ ಪುಟ್ಟ ಸಿಲಿಂಡರ್ ಬರುತ್ತದೆ. ಮೀಥೇನ್ ಹೊತ್ತಿಕೊಳ್ಳಲು ಗಾಳಿಯಲ್ಲಿ ಕನಿಷ್ಠ 5 ಶೇಕಡಾ ಬೇಕು, ಇದು ಅದರ ಅರ್ಧ, ಹಾಗಾಗಿ ಭಯವಿಲ್ಲ. 2.5 ಶೇಕಡಾ ಎಂದರೆ 25,000 ಪಿಪಿಎಂ. ಸಿರಿಂಜಿನಲ್ಲಿ ಒಂದು ಮಿಲಿಲೀಟರ್ ತೆಗೆದು ನಾಲ್ಕು ಲೀಟರಿನ ಡಬ್ಬಿಗೆ ಚುಚ್ಚಿದರೆ ಆರು ಪಿಪಿಎಂಗಿಂತ ತುಸು ಹೆಚ್ಚು ಏರಬೇಕು.

ಈ ಒಂದು ಚುಚ್ಚಿನಿಂದ ಮೂರು ಕೆಲಸ. ಸೆನ್ಸರ್ ಎಷ್ಟು ಅಲುಗಿತು ಎಂದು ತಿಳಿಯುತ್ತದೆ. ಸೆನ್ಸರ್ ಎಷ್ಟು ಅಲುಗಿದರೆ ಎಷ್ಟು ಪಿಪಿಎಂ ಎಂಬ ಲೆಕ್ಕ ಬಕೆಟ್ಟಿನಲ್ಲಿ ಮೊದಲೇ ಸಿದ್ಧವಾಗಿದ್ದರೆ, ಏರಿದ ಪಿಪಿಎಂನಿಂದ ಮರದ ಡಬ್ಬಿಯ ನಿಜವಾದ ಘನಗಾತ್ರ ಸಿಗುತ್ತದೆ. ಉಬ್ಬು ತಗ್ಗಿನ ತೊಗಟೆಯ ಮೇಲೆ ಅದನ್ನು ಅಳತೆಪಟ್ಟಿಯಿಂದ ಹಿಡಿಯಲಾಗದು. ಏರಿದ್ದು ಅರ್ಧ ಗಂಟೆ ಹಾಗೆಯೇ ನಿಂತರೆ ಸೋರಿಕೆ ಇಲ್ಲ ಎಂದಾಯಿತು. ಇಳಿಯುತ್ತ ಹೋದರೆ ಬೆಲ್ಟು ಇನ್ನೊಂದು ಹಲ್ಲು ಬಿಗಿಯಬೇಕು ಅಥವಾ ಬ್ಯುಟೈಲ್ ಟೇಪು ಇನ್ನೊಂದು ಸುತ್ತು ಬೇಕು.

ಇನ್ನು ನೀಲಿ ಡ್ರಮ್ಮು. ನೀರು ತುಂಬಿಡುವ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಮೀಥೇನ್ ಬಿಡುವುದಿಲ್ಲ, ಹೀರುವುದಿಲ್ಲ. ಅದಕ್ಕೆ ಡಬ್ಬಿ ಕಟ್ಟಿ, ಮರಕ್ಕೆ ಮಾಡುವ ಎಲ್ಲವನ್ನೂ ಮಾಡಿದೆ: ಬೆಳಗಿನ ತಂಪಿನಲ್ಲಿ, ನಡುಮಧ್ಯಾಹ್ನ, ಮೋಡ ಕವಿದಾಗ, ಡ್ರಮ್ಮಿನ ಮೇಲೆ ಒದ್ದೆ ಗೋಣಿಬಟ್ಟೆ ಹೊದಿಸಿ. ಬಿಸಿಲಿನಲ್ಲಿ ಹಾಳೆಯ ಹಿಂದಿನ ಗಾಳಿ ಕಾಯ್ದು, ತಿದ್ದುಪಡಿಯ ನಂತರವೂ ಇಲ್ಲದ ಮೀಥೇನ್ ಕಾಣಿಸಿಕೊಂಡಿತು. ಕಾರಿನ ಮುಂಗಾಜಿಗೆ ಹಾಕುವ ಬೆಳ್ಳಿಬಣ್ಣದ ಮರೆಯನ್ನು ಹೊದಿಸಿದ ಮೇಲೆ ಅದು ಅಡಗಿತು. ಇಷ್ಟೆಲ್ಲ ಆದಮೇಲೆ ಡ್ರಮ್ಮಿನ ಗೆರೆಗಳು ಅರ್ಧ ಗಂಟೆಗೆ ಒಂದು ಪಿಪಿಎಂ ಮೇಲೋ ಕೆಳಗೋ ಎಂಬ ಪಟ್ಟಿಯೊಳಗೆ ನಿಂತವು. ಅಂದರೆ ಚದರ ಮೀಟರಿಗೆ ಗಂಟೆಗೆ ಸುಮಾರು 27 ಮೈಕ್ರೋಗ್ರಾಂಗಿಂತ ಚಿಕ್ಕ ಹರಿವನ್ನು ಈ ಡಬ್ಬಿ ನೋಡಲಾರದು. ಡಬ್ಬಿಯ ಮೇಲೆ ಶಾಯಿಯಲ್ಲಿ ಬರೆದಿಟ್ಟ ಸಂಖ್ಯೆ ಇದೊಂದೇ.

ಹೊಲದಲ್ಲಿ ಸೆನ್ಸರ್ ಬದುಕಿದೆಯೇ ಎಂದು ಥಟ್ಟನೆ ನೋಡಲು ಇನ್ನೊಂದು ದಾರಿ ಇದೆ, ಇನ್ನೂರೈವತ್ತು ವರ್ಷ ಹಳೆಯದು. ಇಟಲಿಯ ಅಲೆಸಾಂಡ್ರೋ ವೋಲ್ಟಾ 1776ರಲ್ಲಿ ಮಜ್ಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕಲಕಿ, ಎದ್ದ ಗುಳ್ಳೆಗಳನ್ನು ಬೋರಲು ಹಾಕಿದ ಬಾಟಲಿಯಲ್ಲಿ ಹಿಡಿದ. ನಮ್ಮ ಬಸಿಗಾಲುವೆಯ ಕೆಸರೂ ಅಷ್ಟೇ ಉದಾರಿ. ಬಾಟಲಿಗೆ ಆಲಿಕೆ ಸಿಕ್ಕಿಸಿ, ನೀರು ತುಂಬಿ ಬೋರಲು ಹಿಡಿದು ಕೋಲಾಡಿಸಿದರೆ ಸಾಕು. ಅದರಿಂದ ಸಿರಿಂಜಿನ ತುದಿಯಷ್ಟು ಡಬ್ಬಿಗೆ ಬಿಟ್ಟರೆ ಗೆರೆ ಆಕಾಶಕ್ಕೆ ನೆಗೆಯುತ್ತದೆ. ಪ್ರಮಾಣ ಗೊತ್ತಿಲ್ಲದ್ದರಿಂದ ಅಳತೆಗೆ ಬಾರದು, ಸೆನ್ಸರ್ ಎಚ್ಚರವಿದೆಯೇ ಎಂದು ತಿಳಿಯಲು ಮಾತ್ರ. ಕೆಸರಿನ ಅನಿಲದಲ್ಲೂ ಸಲ್ಫೈಡ್ ಇರುವುದರಿಂದ ಇದನ್ನು ಪದೇ ಪದೇ ಮಾಡಬೇಡಿ.

ದಂಡೆಯಲ್ಲಿ

ಮೊದಲು ಬಕೆಟ್ಟನ್ನು ಗದ್ದೆಗೆ ಒಯ್ದೆ. ನೀರು ನಿಂತ ಗದ್ದೆ ಚದರ ಮೀಟರಿಗೆ ಗಂಟೆಗೆ ಕೆಲವು ಮಿಲಿಗ್ರಾಂ ಬಿಡುವುದು ಸಾಮಾನ್ಯ. ಐದು ಮಿಲಿಗ್ರಾಂ ಎಂದುಕೊಂಡರೆ ಬಕೆಟ್ಟಿನಲ್ಲಿ ಅರ್ಧ ಗಂಟೆಗೆ 16 ಪಿಪಿಎಂ ಏರಬೇಕು. ಬದುವಿನಿಂದ ಹಲಗೆ ಹಾಕಿ, ಅದರ ಮೇಲೆ ನಿಂತೇ ಮುಚ್ಚಿದೆ. ಕೆಸರಿನಲ್ಲಿ ಕಾಲಿಟ್ಟರೆ ನಮ್ಮ ಭಾರಕ್ಕೇ ಗುಳ್ಳೆಗಳೆದ್ದು ಲೆಕ್ಕ ಕೆಡುತ್ತದೆ. ಗೆರೆ ನೇರವಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ ಏರಿತು.

ಹೊಳೆಮತ್ತಿಯ ಬಿಳಿಚಿದ ನುಣುಪು ತೊಗಟೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹಪ್ಪಳದಂತೆ ಏಳುವ ಸಿಪ್ಪೆಯನ್ನು ಕೀಳಬಾರದು, ಸಡಿಲವಾಗಿದ್ದುದನ್ನು ಕೈಯಿಂದ ಸವರಿ ಬಿಟ್ಟರೆ ಸಾಕು. ಬುಡದ ಬಳಿ ಕಾಂಡ ಹಲಗೆಯಂತೆ ಚಾಚಿಕೊಂಡಿರುವ ಮರಗಳನ್ನು ಬಿಟ್ಟು, ಸಾಧ್ಯವಾದಷ್ಟು ಉರುಟಾಗಿರುವುದನ್ನು ಆರಿಸಿದೆ. ಕನ್ನಂಬಾಡಿಯಿಂದ ನೀರು ಬಿಟ್ಟು ಹೊಳೆ ಏರಿ, ದಂಡೆಯ ಮಣ್ಣು ನೆನೆದಿದ್ದ ಸಮಯ. ನೆಲದಿಂದ 30 ಸೆಂಟಿಮೀಟರ್, ಒಂದು ಮೀಟರ್, ಎರಡು ಮೀಟರ್ ಎತ್ತರದಲ್ಲಿ ಒಂದಾದ ಮೇಲೊಂದು ಕಟ್ಟಿದೆ. ಕೆಳಗಿನದರಲ್ಲಿ ಗೆರೆ ಡ್ರಮ್ಮಿನ ಪಟ್ಟಿಯನ್ನು ಸ್ಪಷ್ಟವಾಗಿ ದಾಟಿತು. ಒಂದು ಮೀಟರಿನಲ್ಲಿ ದಾಟಿತಾದರೂ ಕಷ್ಟಪಟ್ಟು. ಎರಡು ಮೀಟರಿನಲ್ಲಿ ಪಟ್ಟಿಯೊಳಗೇ ಉಳಿಯಿತು.

ಎತ್ತರ ಬದಲಿಸಿ ಅಳೆಯುವುದಕ್ಕೆ ಕಾರಣವಿದೆ. ಮರದಿಂದ ಮೀಥೇನ್ ಬಂದ ಮಾತ್ರಕ್ಕೆ ಅದು ಮಣ್ಣಿನದೇ ಆಗಬೇಕಿಲ್ಲ. ಅಮೆರಿಕದ ಕಾನ್ಸಾಸ್‌ನಲ್ಲಿ ಬುಶಾಂಗ್ ಎಂಬವರು ಕಾಟನ್‌ವುಡ್ ಮರಗಳ ಕಾಂಡದಿಂದ ಹೊರಬಂದ, ಹೊತ್ತಿಕೊಳ್ಳುವ ಅನಿಲದ ಬಗ್ಗೆ 1907ರಲ್ಲೇ ಬರೆದಿದ್ದರು. ಕಾಂಡದ ಒಳತಿರುಳಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳೇ ಅದನ್ನು ಮಾಡುತ್ತವೆ ಎಂದು 1974ರಲ್ಲಿ ಜೈಕಸ್ ಮತ್ತು ವಾರ್ಡ್ ತೋರಿಸಿದರು. ಮೂಲ ಕಾಂಡದ ಒಳಗೇ ಇದ್ದರೆ ಎತ್ತರಕ್ಕೆ ತಕ್ಕಂತೆ ಹೀಗೆ ಅಚ್ಚುಕಟ್ಟಾಗಿ ಕುಗ್ಗಬೇಕಿಲ್ಲ. ಬೇರಿನಿಂದ ಏರಿ ಬರುವ ಅನಿಲ ದಾರಿಯುದ್ದಕ್ಕೂ ತೊಗಟೆಯಿಂದ ಸೋರುತ್ತ ಮೇಲೆ ಹೋದಂತೆ ಕಡಿಮೆಯಾಗುತ್ತದೆ. ನನ್ನ ಗೆರೆಗಳು ಎರಡನೆಯದರ ಕಡೆ ಒಲಿದಿವೆ. ಒಂದೇ ದಂಡೆಯ ಬೆರಳೆಣಿಕೆಯ ಮರಗಳಿಂದ ಇದಕ್ಕಿಂತ ಹೆಚ್ಚು ಹೇಳುವುದು ಧಾರ್ಷ್ಟ್ಯ.

ದಿಣ್ಣೆಯ ಹೊಂಗೆಯ ವಿಷಯ ಬೇಗ ಮುಗಿಯುತ್ತದೆ. ಯಾವ ಎತ್ತರದಲ್ಲೂ ಡ್ರಮ್ಮಿಗಿಂತ ಬೇರೆ ಏನೂ ಕಾಣಲಿಲ್ಲ. ಅದು ಹೀರುತ್ತಿಲ್ಲ ಎಂದು ಇದರರ್ಥವಲ್ಲ. ಗಾಳಿಯಲ್ಲಿ ಇರುವುದೇ 1.9 ಪಿಪಿಎಂ, ಮರ ಅಷ್ಟನ್ನೂ ನುಂಗಿದರೂ ಗೆರೆ ಇಳಿಯಬಹುದಾದ ಆಳ ಅಷ್ಟೇ, ನನ್ನ ಪಟ್ಟಿ ಅದರ ಅರ್ಧವನ್ನು ತಿಂದುಹಾಕುತ್ತದೆ. ಅಗ್ಗದ ಸೆನ್ಸರಿನ ಎಲ್ಲೆ ಇಲ್ಲಿದೆ: ಹೊರಬರುವ ಮೀಥೇನ್ ಎಷ್ಟಾದರೂ ಏರಬಹುದು, ಒಳಹೋಗುವುದು ಎರಡು ಪಿಪಿಎಂ ಒಳಗೇ ಮುಗಿಯಬೇಕು. ಮರ ಮೀಥೇನ್ ಹೀರುವುದನ್ನು ಇಂಥ ಸೆನ್ಸರಿನಿಂದಲೇ ಅಳೆದೆ ಎಂದು ಯಾರಾದರೂ ಹೇಳಿದರೆ ಖಾಲಿ ಪರೀಕ್ಷೆಯ ಗೆರೆಗಳನ್ನು ಕೇಳಿ ನೋಡಿ.

ತೋಪಿನ ಮಣ್ಣಿಗೂ ಇದೇ ಮಾತು. ಹಾಗಾಗಿ ಅಲ್ಲಿ ಸೆನ್ಸರನ್ನು ಬದಿಗಿಟ್ಟು ಹಳೆಯ ಪದ್ಧತಿಗೆ ಹೋದೆ. ಬಕೆಟ್ ಮುಚ್ಚಿ, ಹತ್ತು ಹತ್ತು ನಿಮಿಷಕ್ಕೆ ರಬ್ಬರ್ ಬಿರಡೆಯ ಮೂಲಕ 20 ಮಿಲಿಲೀಟರ್ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು, ಗಾಳಿ ತೆಗೆದ 12 ಮಿಲಿಲೀಟರಿನ ಗಾಜಿನ ಸೀಸೆಗೆ ಒತ್ತಿ ತುಂಬುವುದು. ಸೀಸೆಯೊಳಗೆ ಒತ್ತಡ ಹೊರಗಿಗಿಂತ ಹೆಚ್ಚಿದ್ದರೆ ಸೋರಿಕೆಯಾದರೂ ಹೊರಗಿನ ಗಾಳಿ ಒಳಬರುವುದಿಲ್ಲ. ಅವುಗಳನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇರುವ ಪ್ರಯೋಗಾಲಯಕ್ಕೆ ಕೊಟ್ಟರೆ, ಅಲ್ಲಿ ಮೀಥೇನನ್ನು ಬೇರ್ಪಡಿಸಿ ಜ್ವಾಲೆಯಲ್ಲಿ ಉರಿಸಿ ಅಳೆಯುತ್ತಾರೆ. ಪ್ರತಿ ಕಟ್ಟಿನ ಜೊತೆ ಡ್ರಮ್ಮಿನ ಕಟ್ಟೂ ಒಂದು ಹೋಗುತ್ತದೆ, ಹೊರಗಿನ ಗಾಳಿ ತುಂಬಿದ ಸೀಸೆಗಳೂ ಹೋಗುತ್ತವೆ, ಅವು 1.9ರ ಆಸುಪಾಸು ಬಾರದಿದ್ದರೆ ಉಳಿದವನ್ನು ಓದುವ ಅಗತ್ಯವಿಲ್ಲ.

ತೋಪಿನ ಉಂಗುರಗಳನ್ನು ಈ ಬೇಸಿಗೆಯಲ್ಲಿ ತೆಗೆಯುವುದಿಲ್ಲ. ಒಣಗಿ ಬಿರುಕು ಬಿಟ್ಟ ಮಣ್ಣಿನಲ್ಲೊಮ್ಮೆ, ಮೊದಲ ಮಳೆ ಬಿದ್ದ ಮರುದಿನವೊಮ್ಮೆ, ಮುಂಗಾರು ಹಿಡಿದ ಮೇಲೊಮ್ಮೆ ಸೀಸೆ ತುಂಬಬೇಕು. ಮಣ್ಣಿನ ಸಂದುಗಳಲ್ಲಿ ನೀರು ಹೊಕ್ಕಂತೆ ಗಾಳಿಗೆ ಒಳಹೋಗಲು ದಾರಿ ಕಡಿಮೆಯಾಗುತ್ತದೆ, ಹೀರುವಿಕೆಯೂ ತಗ್ಗಬೇಕು. ಕುರಿ ಮೇಯಿಸುವವರು ಎಡವದಂತೆ ಪ್ರತಿ ಉಂಗುರದ ಪಕ್ಕ ಕೆಂಪು ಬಟ್ಟೆಯ ಗೂಟ ನೆಟ್ಟಿದ್ದೇವೆ. ಮುಂಗಾರಿಗೆ ಮುಂಚೆ ಸೆನ್ಸರ್‌ಗೆ ಇನ್ನೊಮ್ಮೆ ಸಿರಿಂಜಿನ ಪಾಠ, ಡಬ್ಬಿಗೆ ಇನ್ನೊಮ್ಮೆ ಡ್ರಮ್ಮಿನ ಸುತ್ತು ಆಗಬೇಕು.